ಡಬ್ಬಾ ಟಿವಿಯಲ್ಲಿ ಪೆನ್‌ಡ್ರೈವ್ ಯಕ್ಷಗಾನ

ತೀರ್ಥಹಳ್ಳಿ ಕಡೆ ನಮ್ಮ ದೊಡ್ಡಮ್ಮನ ಮನೆ ಜಗುಲಿಯಲ್ಲಿ ಇನ್ನೂ 21 ಇಂಚಿನ ಡಬ್ಬಾ ಟಿವಿಯೇ ಇದೆ. ಕೆಟ್ಟಿಲ್ಲ, ಹಾಗಾಗಿ ಬದಲಿಸಿಲ್ಲ. ಮೊನ್ನೆ ಮೊಮ್ಮಗ ಬೆಳಗಿನವರೆಗೆ ನಡೆದ ಯಕ್ಷಗಾನದ ಆಟವೊಂದನ್ನು ಪೆನ್‌ಡ್ರೈವಿಗೆ ತುಂಬಿಸಿಕೊಂಡು ಬಂದ. ‘ಇದನ್ನ ಎಲ್ಲಿ ಚುಚ್ಚೋದು ಮಾರಾಯ?’ ಅಂದರು ದೊಡ್ಡಮ್ಮ. ಚುಚ್ಚುವ ಜಾಗವೇ ಇಲ್ಲ. ಆದರೂ ದಾರಿ ಇದೆ.

ಮೊದಲು ಟಿವಿಯ ಹಿಂಬದಿ ನೋಡಿ. ಹಳದಿ, ಬಿಳಿ, ಕೆಂಪು ಬಣ್ಣದ ದುಂಡಗಿನ ತೂತುಗಳಿರುತ್ತವೆ, ಇವಕ್ಕೆ ಎವಿ ಅನ್ನುತ್ತಾರೆ. ಕೆಲವು ಟಿವಿಗಳಲ್ಲಿ ಮುಂದೆಯೇ, ಪುಟ್ಟ ಮುಚ್ಚಳದೊಳಗೆ. ಹಳದಿ ಚಿತ್ರಕ್ಕೆ, ಉಳಿದೆರಡು ಸದ್ದಿಗೆ. ಕೆಂಪು ಇಲ್ಲದಿದ್ದರೆ ಬಿಳಿ ಒಂದೇ ಸಾಕು. ನಮ್ಮ ಮಳೆಗಾಲ ಕಂಡ ಟಿವಿ ಅಲ್ವಾ, ತೂತಿನಲ್ಲಿ ಕಿಲುಬು ಕಟ್ಟಿರುತ್ತದೆ. ಕರೆಂಟ್ ತೆಗೆದು ಒಣಬಟ್ಟೆಯಲ್ಲಿ ಒರೆಸಿ, ಎವಿ ವಯರಿನ ಪಿನ್ನನ್ನು ತಿರುಚುತ್ತಾ ಕೂರಿಸಿ. ಹಿಂದಿನ ಕವರ್ ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಪಿಕ್ಚರ್ ಟ್ಯೂಬಿನಲ್ಲಿ ಸಾವಿರಾರು ವೋಲ್ಟ್ ಉಳಿದಿರಬಹುದು.

ಈ ಟಿವಿಗೆ ಫೈಲ್ ಅಂದರೆ ಏನೂ ಗೊತ್ತಿಲ್ಲ. ಅದಕ್ಕೆ ಬೇಕಾದ್ದು ಪಾಲ್ ಸಿಗ್ನಲ್, ಅಂದರೆ ನಮ್ಮ ಕಡೆಯ ಹಳೇ ಟಿವಿಗಳ ಪದ್ಧತಿ: 625 ಗೆರೆ, ಅದರಲ್ಲಿ ಚಿತ್ರಕ್ಕೆ 576. ಫೈಲ್ ಓದಿ ಹಾಗೆ ಮಾಡಿಕೊಡುವ ಪೆಟ್ಟಿಗೆಯೊಂದು ನಡುವೆ ಬೇಕು.

ಅಗ್ಗದ ಪೆಟ್ಟಿಗೆ ನಿಮ್ಮ ಅಟ್ಟದ ಮೇಲೇ ಇರಬಹುದು. ಯುಎಸ್‌ಬಿ ಇರುವ ಹಳೇ ಡಿವಿಡಿ ಪ್ಲೇಯರ್. ಸಮಸ್ಯೆ ಏನೆಂದರೆ, ಮೊಬೈಲಿನ ಎಂಪಿ4 ಅದಕ್ಕೆ ಸಾಮಾನ್ಯವಾಗಿ ಅರ್ಥವಾಗುವುದಿಲ್ಲ. ಕಂಪ್ಯೂಟರಿನಲ್ಲಿ ಯಾವುದಾದರೂ ಕನ್ವರ್ಟರ್ ಸಾಫ್ಟ್‌ವೇರ್ ಹಾಕಿ ಎವಿಐ ಎಂಬ ಬಗೆಯ ಫೈಲ್ ಮಾಡಿ. ಅದರ ಸೆಟ್ಟಿಂಗಿನಲ್ಲಿ ವಿಡಿಯೊಗೆ ಎಕ್ಸ್‌ವಿಡ್, ಸದ್ದಿಗೆ ಎಂಪಿ3, ಅಳತೆ 720x576 ದಾಟದಂತೆ. ಸುಮ್ನೆ ಫೈಲಿನ ಹೆಸರಲ್ಲಿ ಎಂಪಿ4 ಅಳಿಸಿ ಎವಿಐ ಅಂತ ಬರೆದರೆ ಆಗುವುದಿಲ್ಲ. ನಾನು ಮಾಡಿ ನೋಡಿದ್ದೇನೆ.

ಪೆನ್‌ಡ್ರೈವ್ ಫ್ಯಾಟ್32 ಫಾರ್ಮ್ಯಾಟಿನಲ್ಲಿರಲಿ. ಫಾರ್ಮ್ಯಾಟ್ ಮಾಡಿದರೆ ಒಳಗಿದ್ದದ್ದೆಲ್ಲ ಹೋಗುತ್ತದೆ, ಮೊದಲೇ ಕಾಪಿ ಮಾಡಿಟ್ಟುಕೊಳ್ಳಿ. ಇದರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಕೂರುವುದಿಲ್ಲ. ರಾತ್ರಿಯಿಡೀ ನಡೆದ ಆಟ ಇದನ್ನು ಸಲೀಸಾಗಿ ದಾಟುತ್ತದೆ. ಹಾಗಾಗಿ ತುಂಡು ಮಾಡಿ: ಒಡ್ಡೋಲಗದ್ದು ಒಂದು ಫೈಲು, ಯುದ್ಧದ್ದು ಇನ್ನೊಂದು.

ಯುಎಸ್‌ಬಿ ಇರುವ ಸೆಟ್‌ಟಾಪ್ ಬಾಕ್ಸ್ ಇದ್ದರೆ ಮೊದಲು ಅದರಲ್ಲೇ ಹಾಕಿ ನೋಡಿ. ಎಂಪೆಗ್4 ಬಾಕ್ಸ್‌ಗಳಲ್ಲಿ ಎಷ್ಟೋ ಬಾಕ್ಸ್‌ಗಳು ಎಂಪಿ4 ಫೈಲನ್ನು ನೇರ ಓಡಿಸುತ್ತವೆ.

ಲ್ಯಾಪ್‌ಟಾಪಿನಿಂದಲೇ ತೋರಿಸಬೇಕೆಂದರೆ ಎಚ್‌ಡಿಎಂಐ ಟು ಎವಿ ಕನ್ವರ್ಟರ್ ತನ್ನಿ, ಲ್ಯಾಪ್‌ಟಾಪಿನ ಎಚ್‌ಡಿಎಂಐ ತೂತಿನ ಚಿತ್ರವನ್ನು ಟಿವಿಯ ಎವಿಗೆ ಹೊಂದಿಸುವ ಪುಟ್ಟ ಡಬ್ಬಿ ಇದು. ಡಬ್ಬಿಯ ಮೇಲೆ ಬರೆದದ್ದನ್ನು ಎರಡು ಸಲ ಓದಿ. ಎವಿ ಟು ಎಚ್‌ಡಿಎಂಐ ಅಂತಲೂ ಥೇಟ್ ಹಾಗೇ ಕಾಣುವ ಡಬ್ಬಿ ಬರುತ್ತದೆ. ನಾನು ಅದನ್ನೇ ಕೊಂಡು, ಬದಲಿಸೋಕೆ ಮತ್ತೆ ಶಿವಮೊಗ್ಗದ ಬಸ್ ಹತ್ತಿದ್ದೆ. ಇದಕ್ಕೆ 5 ವೋಲ್ಟ್ ಬೇಕು, ಮೊಬೈಲ್ ಚಾರ್ಜರ್ ಸಾಕು. ಪಕ್ಕದ ಪುಟ್ಟ ಸ್ವಿಚ್ಚನ್ನು ಪಾಲ್ ಕಡೆ ತಳ್ಳಿ. ಅಮೆರಿಕದ ಪದ್ಧತಿಯಾದ ಎನ್‌ಟಿಎಸ್‌ಸಿ ಕಡೆಗಿದ್ದರೆ ಚಿತ್ರ ಕಪ್ಪುಬಿಳುಪಾಗಬಹುದು, ಇಲ್ಲವೇ ಉರುಳಬಹುದು.

ಎಲ್ಲ ಜೋಡಿಸಿದ ಮೇಲೆ ರಿಮೋಟಿನಲ್ಲಿ ಎವಿ ಒತ್ತಿ. ಚಿತ್ರ ಉದ್ದುದ್ದ ಕಂಡರೆ ಪ್ಲೇಯರಿನ ಸೆಟಪ್‌ನಲ್ಲಿ 4:3 ಲೆಟರ್‌ಬಾಕ್ಸ್ ಆರಿಸಿ. ಮೇಲೆ ಕೆಳಗೆ ಕಪ್ಪು ಪಟ್ಟಿ ಬರುತ್ತದೆ, ಬರಲಿ. ಪಟ್ಟಿ ಬೇಡವೆಂದು ಪ್ಯಾನ್‌ಸ್ಕ್ಯಾನ್ ಇಟ್ಟರೆ ಎಡಬಲ ಕತ್ತರಿಸಿ ಹೋಗಿ ಚಂಡೆಯವರೇ ಮಾಯವಾಗುತ್ತಾರೆ. ಗುಡುಗು ಶುರುವಾದರೆ ಪ್ಲಗ್ ಜೊತೆಗೆ ಡಿಶ್ಶಿನ ವಯರನ್ನೂ ಕಿತ್ತಿಡಿ.

ದೊಡ್ಡಮ್ಮನ ಮನೆಯಲ್ಲಿ ಕೊನೆಗೆ ಕೆಲಸಕ್ಕೆ ಬಂದದ್ದು ಅಟ್ಟದ ಡಿವಿಡಿ ಪ್ಲೇಯರೇ. ಆಟ ಮೂರು ಫೈಲಾಯಿತು. ಎರಡನೆಯದರ ನಡುವೆ ಕರೆಂಟ್ ಹೋಯಿತು.