ಸಿಇಟಿಲಿ ಟೈಮ್ ಸಾಲಲ್ವಾ? ಮೊದಲು ಪ್ರಶ್ನೆ ಬಿಡೋದು ಕಲೀರಿ

ಸಿಇಟಿ, ಅಂದ್ರೆ ಇಂಜಿನಿಯರಿಂಗ್ ಥರದ ಕೋರ್ಸ್‌ಗೆ ಸೇರೋಕೆ ಇರೋ ರಾಜ್ಯದ ಪ್ರವೇಶ ಪರೀಕ್ಷೆ, ಬರೆದು ಹೊರಗೆ ಬಂದ ಮಕ್ಕಳನ್ನ ಹೇಗಿತ್ತಪ್ಪಾ ಅಂತ ಕೇಳಿ ನೋಡಿ, ಪೇಪರ್ ಪರವಾಗಿಲ್ಲ ಆದ್ರೆ ಟೈಮ್ ಸಾಲ್ಲಿಲ್ಲ ಅನ್ನೋರೇ ಜಾಸ್ತಿ, ಅದ್ರಲ್ಲೂ ಮ್ಯಾಥ್ಸ್ ದಿನ. ಲೆಕ್ಕ ಇಷ್ಟೇ, ಒಂದು ಸಬ್ಜೆಕ್ಟ್‌ಗೆ 60 ಪ್ರಶ್ನೆ, 80 ನಿಮಿಷ, ಅಂದ್ರೆ ಒಂದೊಂದಕ್ಕೆ 80 ಸೆಕೆಂಡು, ಓಎಂಆರ್ (ಉತ್ತರದ ಬಬಲ್ ಕಪ್ಪು ಮಾಡೋ ಶೀಟ್) ತುಂಬೋದೂ ಅದರಲ್ಲೇ ಆಗ್ಬೇಕು. ಇದಕ್ಕೆ ಕೋಚಿಂಗ್‌ನಲ್ಲಿ ಶಾರ್ಟ್‌ಕಟ್ ಮೇಲೆ ಶಾರ್ಟ್‌ಕಟ್ ಹೇಳ್ಕೊಡ್ತಾರೆ, ಬೇಡ ಅನ್ನಲ್ಲ, ಆದ್ರೆ ನಾನು ನೋಡಿರೋ ಹಾಗೆ ಟೈಮ್ ತಿನ್ನೋದು ಬಿಡಬೇಕಾದ ಮೂರ್ನಾಲ್ಕು ಪ್ರಶ್ನೆನ ಹಠಕ್ಕೆ ಬಿದ್ದು ಹಿಡ್ಕೊಂಡು ಕೂರೋದು.

ಹಾಗಾಗಿ ಪೇಪರ್‌ನ ಮೂರು ರೌಂಡ್ ಮಾಡ್ಕೊಳ್ಳಿ. ವಾಚ್ ಅಂತೂ ಒಳಗೆ ಬಿಡಲ್ಲ, ಗೋಡೆ ಗಡಿಯಾರವೇ ಗತಿ, ಅದಕ್ಕೆ ಬರೆಯೋಕೆ ಶುರು ಮಾಡೋ ಮುಂಚೆ ರಫ್ ವರ್ಕ್ ಜಾಗದಲ್ಲಿ ಎರಡು ಟೈಮ್ ಗುರುತು ಹಾಕಿಡಿ. 10.30ಕ್ಕೆ ಶುರು ಅಂದ್ರೆ 11.10ಕ್ಕೆ ಮೊದಲ ರೌಂಡ್ ಮುಗೀಬೇಕು, 11.40ಕ್ಕೆ ಎರಡನೇದು, ಕೊನೇ ಹತ್ತು ನಿಮಿಷ ಮೂರನೇದಕ್ಕೆ.

ಮೊದಲ ರೌಂಡ್‌ನಲ್ಲಿ 60ನೇ ಪ್ರಶ್ನೆ ತನಕ ಹೋಗಲೇಬೇಕು, ಇದರಲ್ಲಿ ರಾಜಿ ಇಲ್ಲ. ಪ್ರಶ್ನೆ ಓದಿದ ತಕ್ಷಣ ದಾರಿ ಕಾಣ್ತಾ, ಮಾಡಿ. ಬರುತ್ತೆ ಆದ್ರೆ ಉದ್ದ ಇದೆ ಅನ್ಸಿದ್ರೆ ಪ್ರಶ್ನೆ ನಂಬರ್‌ಗೆ ಒಂದು ಸುತ್ತು ಹಾಕಿ ಮುಂದೆ ಹೋಗಿ, ತಲೆಬುಡ ಗೊತ್ತಾಗ್ತಿಲ್ವಾ, ಒಂದು ಕ್ರಾಸ್. ಒಂದು ಉದಾಹರಣೆ ನೋಡಿ: ಸೊನ್ನೆಯಿಂದ ಪೈ ಬೈ ಟೂ ತನಕ ಇಂಟಿಗ್ರಲ್, ಮೇಲೆ ರೂಟ್ ಸೈನ್ ಎಕ್ಸ್, ಕೆಳಗೆ ರೂಟ್ ಸೈನ್ ಎಕ್ಸ್ ಪ್ಲಸ್ ರೂಟ್ ಕಾಸ್ ಎಕ್ಸ್. ಎಕ್ಸ್ ಜಾಗದಲ್ಲಿ ಪೈ ಬೈ ಟೂ ಮೈನಸ್ ಎಕ್ಸ್ ಹಾಕಿ ಎರಡೂ ಕೂಡಿದ್ರೆ ಒಳಗೆ ಬರೀ 1 ಉಳಿಯುತ್ತೆ, ಉತ್ತರ ಪೈ ಬೈ ಫೋರ್, ಹತ್ತು ಸೆಕೆಂಡ್ ಕೆಲಸ. ಆ ಪ್ರಾಪರ್ಟಿ ಆ ಕ್ಷಣಕ್ಕೆ ನೆನಪಾಗಿಲ್ಲ ಅಂದ್ರೆ ಸಬ್‌ಸ್ಟಿಟ್ಯೂಷನ್ ಅಂತ ಶುರು ಮಾಡಿ ಐದು ನಿಮಿಷ ಆದ್ರೂ ಎಲ್ಲಿಗೂ ಹೋಗಲ್ಲ, ಅಷ್ಟರಲ್ಲಿ ಮುಂದಿನ ಪುಟದ ಮೂರು ಸುಲಭದ ಮಾರ್ಕ್ಸ್ ಕೈ ತಪ್ಪುತ್ತೆ. ಎಲ್ಲಾ ಪ್ರಶ್ನೆಗೂ ಒಂದೇ ಮಾರ್ಕ್ ಅಲ್ವಾ, ಕಷ್ಟದ್ದಕ್ಕೆ ಬೋನಸ್ಸೇನೂ ಇಲ್ಲ.

ಇನ್ನೊಂದು ವಿಷ್ಯ, ನಿಮಗೆ ಗೊತ್ತಿಲ್ಲದ ಪ್ರಶ್ನೆ ಯಾವಾಗ್ಲೂ ನಿಮ್ಮ ತಪ್ಪೇ ಆಗಿರಬೇಕಿಲ್ಲ. 2024ರಲ್ಲಿ ಸಿಲಬಸ್‌ನಲ್ಲೇ ಇಲ್ಲದ 50 ಪ್ರಶ್ನೆ ಬಂದು ದೊಡ್ಡ ಗಲಾಟೆ ಆಗಿ, ಕೊನೆಗೆ ಪರೀಕ್ಷೆ ನಡೆಸೋ ಕೆಇಎ ಅವನ್ನೆಲ್ಲ ಮೌಲ್ಯಮಾಪನದಿಂದಲೇ ಕೈಬಿಡ್ತು. ಅಂಥದ್ದರ ಮೇಲೆ ಗುದ್ದಾಡಿದೋರ ಟೈಮ್ ಯಾರು ವಾಪಸ್ ಕೊಡ್ತಾರೆ ಹೇಳಿ.

ಎರಡನೇ ರೌಂಡ್‌ನಲ್ಲಿ ಸುತ್ತು ಹಾಕಿದ್ದು ಮಾತ್ರ. ಇಲ್ಲಿ ಲೆಕ್ಕ ಪೂರ್ತಿ ಬಿಡಿಸೋ ಮುಂಚೆ ಆಪ್ಷನ್ ಕಡೆ ಒಂದ್ಸಲ ನೋಡಿ, ಎಷ್ಟೋ ಸಲ ಎಕ್ಸ್‌ಗೆ ಸೊನ್ನೆನೋ ಒಂದೋ ಹಾಕಿದ್ರೆ ಎರಡು ಆಪ್ಷನ್ ಅಲ್ಲೇ ಬಿದ್ದೋಗುತ್ತೆ, ಫಿಸಿಕ್ಸ್‌ನಲ್ಲಿ ಯೂನಿಟ್ ಚೆಕ್ ಮಾಡಿದ್ರೂ ಅಷ್ಟೇ. ಕೆಮಿಸ್ಟ್ರಿಲಿ ಲೆಕ್ಕದ ಪ್ರಶ್ನೆಗಳೆಲ್ಲ ಈ ರೌಂಡ್‌ಗೇ ಇರ್ಲಿ. ಬಯಾಲಜಿಗೆ ಈ ಒದ್ದಾಟ ಅಷ್ಟಿಲ್ಲ.

ಮೂರನೇ ರೌಂಡು, ಒಂದೂ ಖಾಲಿ ಬಿಡಬೇಡಿ. ಸಿಇಟಿಲಿ ನೆಗೆಟಿವ್ ಮಾರ್ಕ್ಸ್ ಇಲ್ಲ. ಏನೂ ಗೊತ್ತಿಲ್ಲದ ಎಂಟು ಪ್ರಶ್ನೆ ಉಳಿದ್ರೆ ಸುಮ್ನೆ ಎಲ್ಲಕ್ಕೂ ಒಂದೇ ಆಪ್ಷನ್ ತುಂಬಿದ್ರೂ ಸರಾಸರಿ ಎರಡು ಸಿಗುತ್ತೆ, ಎ ಹಾಕ್ಲಾ ಸಿ ಹಾಕ್ಲಾ ಅಂತ ಯೋಚಿಸ್ತಾ ಕೂತ್ರೂ ಅಷ್ಟೇ.

ಓಎಂಆರ್‌ನ ಕೊನೇಲಿ ಒಟ್ಟಿಗೆ ತುಂಬ್ತೀನಿ ಅನ್ನೋರಿಗೆ ನನ್ನ ಸಲಹೆ, ದಯವಿಟ್ಟು ಬೇಡ. ಒಂದು ಬಬಲ್‌ಗೆ ಐದು ಸೆಕೆಂಡ್ ಅಂದ್ರೂ 60ಕ್ಕೆ ಐದು ನಿಮಿಷ, ಗಾಬರಿಲಿ ಒಂದು ಸಾಲು ಜಾರಿದ್ರೆ ಅಲ್ಲಿಂದ ಮುಂದಿನದೆಲ್ಲ ಜಾರುತ್ತೆ, ಬಾಲ್ ಪೆನ್‌ನಲ್ಲಿ ತುಂಬಿದ್ದನ್ನ ಅಳ್ಸೋಕೂ ಆಗಲ್ಲ. ಒಂದು ಪುಟ ಮುಗಿದ ತಕ್ಷಣ ಆ ಪುಟದ ಉತ್ತರ ಅಷ್ಟನ್ನೂ ಶೀಟ್‌ಗೆ ಹಾಕ್ಬಿಡಿ, ಹಾಕೋವಾಗ ಪ್ರಶ್ನೆ ನಂಬರ್ ಬಾಯಲ್ಲೇ ಹೇಳ್ಕೊಳ್ಳಿ. ಹಾಲ್‌ನಲ್ಲಿ ಪಕ್ಕದೋರು ಪುಟ ತಿರುವೋ ಸದ್ದು ಕೇಳಿ ಹೆದರೋದು ಬೇಡ, ಅವರ ವರ್ಷನ್ ಕೋಡೇ ಬೇರೆ, ಪ್ರಶ್ನೆಗಳ ಕ್ರಮನೂ ಬೇರೆ.

ಇದೆಲ್ಲ ಮನೇಲಿ ಅಭ್ಯಾಸ ಆಗಿದ್ರೇನೇ ಹಾಲ್‌ನಲ್ಲಿ ಬರೋದು. ಹಳೇ ಪೇಪರ್‌ಗಳ ಪುಸ್ತಕ ಬೆಂಗಳೂರಿನ ಅವೆನ್ಯೂ ರೋಡ್‌ನಲ್ಲಿ ಸೆಕೆಂಡ್ ಹ್ಯಾಂಡ್ ಸಿಗುತ್ತೆ, ಓಎಂಆರ್ ಜೆರಾಕ್ಸ್ ಮಾಡಿಸ್ಕೊಳ್ಳಿ, ಮೊಬೈಲ್ ಟೈಮರ್ ಬೇಡ, ಗೋಡೆ ಗಡಿಯಾರ ನೋಡ್ಕೊಂಡೇ ಬರೀರಿ.

ಬೆಂಗಳೂರಲ್ಲಿ ಒಂದೇ ಹುಡುಗಿ ಕೆಲವೇ ವಾರಗಳಲ್ಲಿ ಜೆಇಇ ಮೇನ್ (ದೇಶಮಟ್ಟದ ಇಂಜಿನಿಯರಿಂಗ್ ಪರೀಕ್ಷೆ), ಸಿಇಟಿ, ಕಾಮೆಡ್‌ಕೆ (ರಾಜ್ಯದ ಖಾಸಗಿ ಕಾಲೇಜುಗಳ ಪರೀಕ್ಷೆ) ಮೂರೂ ಬರೀತಾಳೆ, ಒಂದೊಂದರ ನಿಯಮ ಒಂದೊಂದು ಥರ, ಅಲ್ಲೇ ಎಡವಟ್ಟಾಗೋದು. ಕಾಮೆಡ್‌ಕೆ ಕಂಪ್ಯೂಟರ್‌ನಲ್ಲಿ, 180 ಪ್ರಶ್ನೆಗೆ 180 ನಿಮಿಷ, ಅಂದ್ರೆ ಸಿಇಟಿಗಿಂತ ಬಿಗಿ, ನೆಗೆಟಿವ್ ಅಲ್ಲೂ ಇಲ್ಲ. ಜೆಇಇ ಮೇನ್‌ನಲ್ಲಿ 75 ಪ್ರಶ್ನೆಗೆ ಮೂರು ಗಂಟೆ ಕೊಡ್ತಾರೆ, ಆದ್ರೆ ತಪ್ಪಾದ್ರೆ ಒಂದು ಮಾರ್ಕ್ ಕಟ್, ಅಲ್ಲಿ ಮೂರನೇ ರೌಂಡ್‌ನ ಗೆಸ್ಸಿಂಗ್ ಬಿಟ್ಟೇ ಬಿಡಿ. ಮನೇಲಿ ಮಾಕ್, ಅಂದ್ರೆ ಅಭ್ಯಾಸದ ಪರೀಕ್ಷೆ, ಬರೆಯೋಕೆ ಕೂರೋ ಮುಂಚೆ ಇವತ್ತು ಯಾವ ಪರೀಕ್ಷೆ ಅಂತ ಹಾಳೆ ಮೇಲೆ ದೊಡ್ಡದಾಗಿ ಬರ್ಕೊಳ್ಳಿ.