ಖುಕುರಿ: ಹದ ನೋಡಿ ಕೊಳ್ಳುವುದು, ಹದ ಕೆಡದಂತೆ ಮಸೆಯುವುದು

ಹೊಸ ಖುಕುರಿ, ಅಂದರೆ ನೇಪಾಳದ ಬಾಗಿದ ಕತ್ತಿ, ಕೈಗೆ ಬಂದರೆ ನಾನು ಮೊದಲು ಹುಡುಕುವುದು ಹಲ್ಲು ಸವೆಯದ ಒಂದು ಸಣ್ಣ ಅರ. ತುದಿಯ ಹತ್ತಿರ ಒಮ್ಮೆ, ಉಬ್ಬಿದ ಹೊಟ್ಟೆಯ ಬಾಯಿಯ (ಹರಿತದ ಅಂಚಿನ) ಮೇಲೆ ಒಮ್ಮೆ, ಹಿಡಿಯ ಹತ್ತಿರ ಒಮ್ಮೆ, ಕೊನೆಗೆ ಬೆನ್ನಿನ ಮೇಲೆ ಒಮ್ಮೆ ಭಾರ ಹಾಕದೆ ಎಳೆಯುತ್ತೇನೆ. ಹೊಟ್ಟೆಯ ಮೇಲೆ ಅರ ಜಾರಬೇಕು, ಕಚ್ಚಿದರೂ ಕಂಡೂ ಕಾಣದಷ್ಟು. ಬೆನ್ನಿನ ಮೇಲೆ ಚೆನ್ನಾಗಿ ಕಚ್ಚಿ ಪುಡಿ ಉದುರಿಸಬೇಕು. ತುದಿ ಮತ್ತು ಹಿಡಿಯ ಕಡೆ ಇವೆರಡರ ನಡುವಿನ ಅನುಭವ ಬರಬೇಕು. ಎಲ್ಲ ಕಡೆ ಒಂದೇ ರೀತಿ ಕಚ್ಚಿದರೆ ಅದು ಗೋಡೆಗೆ ನೇತುಹಾಕಲು ಮಾಡಿದ ಸಾಮಾನು, ಕಾಯಿಸಿ ತಣಿಸಿ ಗಡುಸು ಮಾಡುವ ಹದವೇ ಆಗಿಲ್ಲ. ಬೆನ್ನಿನ ಮೇಲೂ ಜಾರಿದರೆ ಅಲಗು ಪೂರ್ತಿ ಗಡುಸಾಗಿದೆ ಎಂದರ್ಥ. ಗಂಟುಮರಕ್ಕೆ ಹೊಡೆದಾಗ ಮುರಿಯುವುದು ಅಂಥದ್ದೇ.

ಈ ವ್ಯತ್ಯಾಸ ಹೇಗೆ ಬರುತ್ತದೆ ಎಂದು ತಿಳಿದರೆ ಮುಂದಿನ ಎಲ್ಲ ಕೆಲಸಕ್ಕೂ ದಾರಿ ಸಿಗುತ್ತದೆ. ನೇಪಾಳದಲ್ಲಿ ಖುಕುರಿ ಮಾಡುವವರು ಕಾಮಿ ಸಮುದಾಯದ ಕಮ್ಮಾರರು. ಈಗ ಹಲವರು ಹೆಸರಿನ ಜೊತೆ ವಿಶ್ವಕರ್ಮ ಎಂದು ಬರೆದುಕೊಳ್ಳುತ್ತಾರೆ. ಪೂರ್ವದ ಧರಾನ್, ಭೋಜಪುರ ಈ ಕೆಲಸಕ್ಕೆ ಹೆಸರಾದ ಊರುಗಳು. ಇವತ್ತಿನ ಕಚ್ಚಾ ಮಾಲು ಹೆಚ್ಚಾಗಿ ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿ. ಇದ್ದಿಲ ಕುಲುಮೆಯಲ್ಲಿ ಕಾಯಿಸಿ, ಬಡಿದು, ಅರ ಹಾಕಿ ರೂಪ ಬಂದ ಮೇಲೆ ಹದ ಕೊಡುವ ಸರದಿ. ಅಲಗನ್ನು ಕೆಂಪಗೆ ಕಾಯಿಸಿ, ಇಡಿಯಾಗಿ ನೀರಿಗೆ ಅದ್ದುವ ಬದಲು, ಮೂತಿಯಿರುವ ಕೆಟಲಿನಿಂದ ಬಾಯಿಯ ಉದ್ದಕ್ಕೂ ಸಣ್ಣ ಧಾರೆಯಾಗಿ ನೀರು ಸುರಿಯುತ್ತಾರೆ. ಹೊಟ್ಟೆಯ ಮೇಲೆ ಹೆಚ್ಚು, ತುದಿ ಮತ್ತು ಬುಡಕ್ಕೆ ಕಡಿಮೆ. ಬಾಯಿ ತಟ್ಟನೆ ತಣ್ಣಗಾಗಿ ಗಡುಸಾಗುತ್ತದೆ, ಬೆನ್ನು ಕೆಂಪಾಗಿಯೇ ಇರುತ್ತದೆ. ಆಮೇಲೆ ಬೆನ್ನಿನಲ್ಲುಳಿದ ಕಾವು ಮೆಲ್ಲಗೆ ಬಾಯಿಯ ಕಡೆ ಇಳಿದು ಆ ಗಡುಸನ್ನು ಸ್ವಲ್ಪ ಸಡಿಲಿಸುತ್ತದೆ. ಕಬ್ಬಿಣದ ಮೇಲೆ ಒಣಹುಲ್ಲಿನ ಬಣ್ಣ ಹರಿಯುವುದನ್ನು ನೋಡಿ, ಅಲ್ಲಿಗೆ ಮತ್ತೆ ನೀರು ಹಾಕಿ ನಿಲ್ಲಿಸುತ್ತಾರೆ. ಥರ್ಮಾಮೀಟರ್ ಇಲ್ಲ, ಗಡಿಯಾರ ಇಲ್ಲ, ಕಣ್ಣೇ ಎಲ್ಲ. ಒಳ್ಳೆಯ ಕೈಯಲ್ಲಿ ಬಂದ ಅಲಗಿನ ಹೊಟ್ಟೆಯ ಬಾಯಿ, ಗಡುಸು ಅಳೆಯುವ ರಾಕ್‌ವೆಲ್ ಅಳತೆಯಲ್ಲಿ, 55ರಿಂದ 58ರ ಆಸುಪಾಸು ಇರುತ್ತದೆ, ಬೆನ್ನು ಅದರ ಅರ್ಧದಷ್ಟೂ ಇರುವುದಿಲ್ಲ. ಗಡುಸು ಬಾಯಿ ಕತ್ತರಿಸುತ್ತದೆ, ಮೆತ್ತನೆಯ ಬೆನ್ನು ಪೆಟ್ಟು ನುಂಗುತ್ತದೆ. ಈ ಜೋಡಿ ಕೆಟ್ಟರೆ ಎಷ್ಟು ಚೆಂದದ ಖುಕುರಿಯಾದರೂ ಬೆಲೆಯಿಲ್ಲ.

ಕೊಳ್ಳುವಾಗ ನೋಡುವ ಉಳಿದ ಸಂಗತಿಗಳು ಹೀಗಿವೆ. ಬೆನ್ನನ್ನು ಕಣ್ಣಿನ ನೇರಕ್ಕೆ ಹಿಡಿದು ಹಿಡಿಯಿಂದ ತುದಿಯವರೆಗೆ ನೋಡಿ. ಹದ ಕೊಡುವಾಗ ಅಲಗು ಪಕ್ಕಕ್ಕೆ ಸೊಟ್ಟಾಗುವುದುಂಟು. ಕೂದಲೆಳೆಯಷ್ಟು ಸೊಟ್ಟ ಕೈಕೆಲಸದಲ್ಲಿ ಸಹಜ, ತುದಿ ಪೂರ್ತಿ ಒಂದು ಪಕ್ಕಕ್ಕೆ ಹೋಗಿದ್ದರೆ ಬೇಡ. ಬಾಯಿಯ ಬುಡದಲ್ಲಿ ‘ಚೋ’ ಎಂಬ ಕಚ್ಚು ಇರುತ್ತದಲ್ಲ, ಅದನ್ನು ಭೂತಗನ್ನಡಿ ಹಿಡಿದು ನೋಡಬೇಕು. ಅದು ಆಕಳ ಗೊರಸಿನ ಗುರುತು ಎನ್ನುವವರಿದ್ದಾರೆ, ಶಿವನ ತ್ರಿಶೂಲ ಎನ್ನುವವರಿದ್ದಾರೆ, ರಸ ಹಿಡಿಗೆ ಹರಿಯದಂತೆ ತಡೆಯಲು ಎನ್ನುವವರೂ ಇದ್ದಾರೆ. ನನ್ನ ಮಟ್ಟಿಗೆ ಮುಖ್ಯವಾದದ್ದು ಬೇರೆ: ಅದರ ಮೂಲೆಗಳು ಚೂಪಾಗಿದ್ದರೆ ಬಿರುಕು ಹುಟ್ಟುವುದು ಅಲ್ಲಿಂದಲೇ. ಮೂಲೆ ದುಂಡಗಿದ್ದು, ಒಳಗೆ ಕಪ್ಪು ಗೆರೆ ಇಲ್ಲದಿದ್ದರೆ ಸರಿ.

ಬೆನ್ನಿನ ದಪ್ಪ ಹಿಡಿಯ ಹತ್ತಿರ 8 ಮಿಲಿಮೀಟರ್ ಇದ್ದರೆ ಕಾಡಿನ ಕೆಲಸಕ್ಕೆ ಧಾರಾಳ. 10 ದಾಟಿದರೆ ಸೌದೆ ಸೀಳಲು ಒಳ್ಳೆಯದು, ಇಡೀ ದಿನ ಸೊಂಟದಲ್ಲಿ ಹೊರಲು ಕಷ್ಟ. ಅಲಗು 10 ಇಂಚಿನ ಸುತ್ತಮುತ್ತ, ಒಟ್ಟು ತೂಕ 500ರಿಂದ 600 ಗ್ರಾಂ ಇರುವುದು ನನ್ನ ಆಯ್ಕೆ. ಸಿರುಪಾತೆ ಎಂಬ ಬಗೆಯ ಖುಕುರಿ ಸಿರು ಹುಲ್ಲಿನ ಎಲೆಯಂತೆ ಸಪೂರ, ಕೈ ಬೇಗ ತಿರುಗುತ್ತದೆ. ಪೊದೆ, ಸಣ್ಣ ರೆಂಬೆಗೆ ಸರಿ. ಭೋಜಪುರೆ ಬಗೆಯದರ ಹೊಟ್ಟೆ ಅಗಲ, ಕಡಿಯುವ ಕೆಲಸಕ್ಕೆ ಅದೇ. ಆಂಗ್‌ಖೋಲಾದಲ್ಲಿ ಬೆನ್ನಿನ ಕೆಳಗೆ ಉದ್ದಕ್ಕೆ ತೋಡಿದ ಕಾಲುವೆ ಇರುತ್ತದೆ, ದಪ್ಪ ಉಳಿದು ತೂಕ ಇಳಿಯುತ್ತದೆ. ಕೊಡಗಿನ ಒಡಿಕತ್ತಿ ಹಿಡಿದು ನೋಡಿದವರಿಗೆ ಈ ಮುಂಭಾರದ ಬಾಗು ಕೂಡಲೇ ಅರ್ಥವಾಗುತ್ತದೆ. ಬಳ್ಳಿ ಎಳೆದು ಕೊಯ್ಯುವ ಕೆಲಸಕ್ಕೆ ಮಾತ್ರ ಮೂತಿ ಬಾಗಿದ ನಮ್ಮ ಮಲೆನಾಡಿನ ಕತ್ತಿಯೇ ಮೇಲು. ಖುಕುರಿ ಬೀಸುವ ಆಯುಧ, ಎಳೆಯುವುದಲ್ಲ.

ಹಿಡಿ ಎರಡು ಬಗೆ. ಹಳೆಯ ಪದ್ಧತಿಯಲ್ಲಿ ಅಲಗಿನ ಬಾಲ ಸಪೂರವಾಗಿ ಹಿಡಿಯೊಳಗೆ ಹೋಗಿ, ಹಿಂಬದಿಯ ಹಿತ್ತಾಳೆ ತಟ್ಟೆಯ ಹೊರಗೆ ಬಡಿದು ಮಡಿಚಿರುತ್ತದೆ. ಒಳಗಿನ ಸಂದು ತುಂಬಲು ಲಾಹಾ, ಅಂದರೆ ಅರಗಿನ ಅಂಟು. ಪಾನಾವಾಲ್ ಬಗೆಯಲ್ಲಿ ಬಾಲ ಹಿಡಿಯಷ್ಟೇ ಅಗಲವಾಗಿದ್ದು, ಎರಡು ಬದಿ ಹಲಗೆ ಇಟ್ಟು ರಿವೆಟ್ ಹೊಡೆದಿರುತ್ತದೆ. ಒರಟು ಕೆಲಸಕ್ಕೆ ಪಾನಾವಾಲ್ ನಂಬಿಕಸ್ಥ. ಆದರೆ ಕೈಗೆ ಪೆಟ್ಟಿನ ಜುಮ್ಮು ಕಡಿಮೆ ಬರುವುದು ಸಪೂರ ಬಾಲದ್ದರಲ್ಲಿ. ಮರಗಳಲ್ಲಿ ಸಾತಿಸಾಲ್ ಎಂದು ನೇಪಾಳದವರು ಕರೆಯುವುದು ನಮ್ಮ ಬೀಟೆಯೇ. ಎಮ್ಮೆಯ ಕೊಂಬಿನ ಹಿಡಿ ನೋಡಲು ಬಲು ಚೆಂದ, ಬೆವರಿದ ಕೈಯಲ್ಲಿ ಜಾರುತ್ತದೆ. ಬಳಸಲಿಕ್ಕೆ ಮರ, ಸಂಗ್ರಹಕ್ಕೆ ಕೊಂಬು ಎಂದು ಇಟ್ಟುಕೊಂಡಿದ್ದೇನೆ.

ಈಗ ಮಸೆಯುವ ವಿಷಯ. ಹದ ಕೆಡುವುದು ಹೆಚ್ಚಾಗಿ ಇಲ್ಲಿಯೇ. ಕರೆಂಟ್ ಗ್ರೈಂಡರಿನ ಸಾಣೆಗೆ ಖುಕುರಿ ಕೊಡಬೇಡಿ. ಬಾಯಿ ತೆಳ್ಳಗಿರುವುದರಿಂದ ಕ್ಷಣಮಾತ್ರದಲ್ಲಿ ಕಾದು ನೀಲಿ ಬಣ್ಣ ತಿರುಗುತ್ತದೆ. ನೀಲಿ ಬಂತೆಂದರೆ ಕಾವು ಸುಮಾರು 300 ಡಿಗ್ರಿ ಸೆಲ್ಸಿಯಸ್ ಮುಟ್ಟಿದೆ, ಆ ಜಾಗ ಮೆತ್ತಗಾಗಿದೆ. ಮತ್ತೆ ಎಷ್ಟು ಮಸೆದರೂ ಅಲ್ಲಿ ಹರಿತ ನಿಲ್ಲುವುದಿಲ್ಲ, ಆ ಭಾಗ ಸವೆದು ಹೋಗುವವರೆಗೆ ಕಾಯಬೇಕು. ಗಡುಸಾದ ಪಟ್ಟಿಯೋ, ಬಾಯಿಯಿಂದ ಮೇಲಕ್ಕೆ ಸಾಮಾನ್ಯವಾಗಿ ಒಂದು-ಒಂದೂವರೆ ಸೆಂಟಿಮೀಟರ್ ಮಾತ್ರ. ಅದನ್ನು ಉಳಿತಾಯ ಮಾಡಿ ಖರ್ಚು ಮಾಡಬೇಕು.

ಚಪ್ಪಟೆ ಕಲ್ಲು ಹೊಟ್ಟೆಯ ಉಬ್ಬಿಗೆ ಆಗುತ್ತದೆ, ಹಿಡಿಯ ಕಡೆಯ ಒಳಬಾಗಿಗೆ ತಾಗುವುದೇ ಇಲ್ಲ. ನಾನು ಬಳಸುವುದು ಒಂದು ಇಂಚು ಅಗಲ, ಹತ್ತು ಇಂಚು ಉದ್ದದ ಮರದ ಪಟ್ಟಿ. ಅದರ ಮೇಲೆ ಹಳೆಯ ಸೈಕಲ್ ಟ್ಯೂಬಿನ ಒಂದು ಪದರ ಅಂಟಿಸಿ, ಮೇಲೆ ನೀರಿಗೆ ತಡೆಯುವ ಎಮರಿ ಪೇಪರ್ ಸುತ್ತುತ್ತೇನೆ. ಖುಕುರಿಯ ಬಾಯಿ ಗುಂಡಗೆ ಇಳಿದಿರುತ್ತದೆ, ಚಾಕುವಿನಂತೆ ನೇರ ಇಳಿಜಾರಲ್ಲ. ಟ್ಯೂಬು ಸ್ವಲ್ಪ ಬಾಗಿ ಆ ಗುಂಡನ್ನು ಹಾಗೇ ಉಳಿಸುತ್ತದೆ. ಗುಂಡನ್ನು ಚಪ್ಪಟೆ ಮಾಡಿದರೆ ಹರಿತದ ಅಂಚಿನ ಹಿಂದೆ ಬೇಕಾದ ದಪ್ಪ ಹೋಗಿ ಮೊದಲ ಗಂಟಿಗೇ ಬಾಯಿ ಚೂರಾಗಿ ಎದ್ದುಬರುತ್ತದೆ.

ಬೆನ್ನನ್ನು ಮೇಜಿನ ಅಂಚಿಗೆ ಬಟ್ಟೆ ಮಡಿಚಿ ಒರಗಿಸಿ, ಬಾಯಿ ನನ್ನಿಂದ ಆಚೆಗೆ ಇರುವಂತೆ ಹಿಡಿದುಕೊಳ್ಳುತ್ತೇನೆ. ಬಾಯಿಯ ಉದ್ದಕ್ಕೂ ಕಪ್ಪು ಮಾರ್ಕರ್ ಪೆನ್ನಿನಿಂದ ಗೆರೆ ಎಳೆದರೆ ಕಾಗದ ಎಲ್ಲಿ ತಾಗುತ್ತಿದೆ ಎಂಬುದು ಎರಡೇ ಎಳೆತಕ್ಕೆ ಗೊತ್ತಾಗುತ್ತದೆ. ಪಟ್ಟಿಯನ್ನು ಬದಿಗೆ 20 ಡಿಗ್ರಿಯಷ್ಟು ಎತ್ತಿ, ಬೆನ್ನಿನ ಕಡೆಯಿಂದ ಬಾಯಿಯ ಕಡೆಗೆ ಮಾತ್ರ ಎಳೆಯಬೇಕು. ಬಾಯಿಗೆ ಎದುರಾಗಿ ತಳ್ಳಿದರೆ ಪೇಪರ್ ಹರಿಯುತ್ತದೆ, ಬೆರಳೂ ಕೊಯ್ಯುತ್ತದೆ. ಒಂದು ಬದಿಗೆ ಹತ್ತು, ಇನ್ನೊಂದು ಬದಿಗೆ ಹತ್ತು. 400ರ ಪೇಪರಿನಲ್ಲಿ (ಅಂಕಿ ಹೆಚ್ಚಿದಂತೆ ಪೇಪರ್ ನುಣುಪು) ಶುರು ಮಾಡಿ, ಎದುರು ಬದಿಯಲ್ಲಿ ಉಗುರಿಗೆ ಸಣ್ಣ ಮುಳ್ಳಿನಂಥ ಅಂಚು ತಾಗುವವರೆಗೆ ಮುಂದುವರಿಸುವುದು. ಅದು ಉದ್ದಕ್ಕೂ ಸಿಕ್ಕಿದ ಮೇಲೆ 800, ಆಮೇಲೆ 1500, ಕೊನೆಗೆ ಪಾಲಿಶ್ ಹಚ್ಚಿದ ಚರ್ಮದ ಪಟ್ಟಿ. ಕೈಭಾರ ಹೆಚ್ಚಾದರೆ ಟ್ಯೂಬು ತೀರಾ ಕುಗ್ಗಿ, ಪೇಪರ್ ಬಾಯಿಯ ತುದಿಯನ್ನೇ ಸುತ್ತಿ ಮೊಂಡು ಮಾಡುತ್ತದೆ. ಎಷ್ಟು ಎಳೆದರೂ ಹರಿತ ಬರುತ್ತಿಲ್ಲ ಎನ್ನುವವರ ತೊಂದರೆ ಬಹುಪಾಲು ಇದೇ.

ಬಾಯಿ ಒಂದೆಡೆ ಮಡಿಚಿದ್ದರೆ ಮೊದಲು ಮಸೆಯಬಾರದು. ಖುಕುರಿಯ ಜೊತೆ ಒರೆಯ ಹಿಂಭಾಗದಲ್ಲಿ ಎರಡು ಪುಟ್ಟ ತುಂಡುಗಳಿರುತ್ತವೆ: ಹರಿತವಿರುವ ಕರ್ದಾ, ಮೊಂಡಾಗಿರುವ ಚಕ್‌ಮಕ್. ಈ ಚಕ್‌ಮಕ್‌ನಿಂದ ಬಾಯಿಯನ್ನು ಮೆಲ್ಲಗೆ ನೀವಿದರೆ ಮಡಿಕೆ ನೆಟ್ಟಗಾಗುತ್ತದೆ; ಅದು ಇರುವುದೇ ಇದಕ್ಕೆ, ಬೆಂಕಿಯ ಕಲ್ಲು ಹೊಡೆಯಲೂ ಹೌದು. ಅಗ್ಗದ ಜೋಡಿಗಳಲ್ಲಿ ಚಕ್‌ಮಕ್ ಮೆತ್ತನೆಯ ಕಬ್ಬಿಣವಾಗಿದ್ದು ಅದೇ ಗೀರಿಹೋಗುತ್ತದೆ, ಆಗ ಅಡುಗೆಮನೆಯ ನುಣುಪು ಉಕ್ಕಿನ ಸರಳು ಸಾಕು. ಮಡಿಚದೆ ಚೂರು ಎದ್ದುಹೋಗಿದ್ದರೆ, ಅರ್ಧ ಮಿಲಿಮೀಟರಿನ ಕಚ್ಚನ್ನು ಒಂದೇ ಸಲಕ್ಕೆ ತೆಗೆಯುವ ಆಸೆ ಬೇಡ. ಪ್ರತಿ ಮಸೆತಕ್ಕೂ ಸ್ವಲ್ಪ ಸ್ವಲ್ಪವಾಗಿ ಅದು ತಾನೇ ಹೋಗುತ್ತದೆ.

ಬೀಸುವಾಗ ಹಿಡಿಯ ನಡುವೆ ಉಬ್ಬಿರುವ ಉಂಗುರವು ಬೆರಳುಗಳ ನಡುವೆ ಕೂರಬೇಕು. ಪೆಟ್ಟು ಬೀಳಬೇಕಾದದ್ದು ಹೊಟ್ಟೆಯ ಮೇಲೆ, ಏಕೆಂದರೆ ತೂಕವೂ ಗಡುಸೂ ಅಲ್ಲೇ ಇವೆ. ಮರಕ್ಕೆ ನೇರ ಅಡ್ಡಲಾಗಿ ಹೊಡೆಯದೆ 45 ಡಿಗ್ರಿ ಓರೆಯಾಗಿ, ಒಮ್ಮೆ ಈ ಕಡೆಯಿಂದ ಒಮ್ಮೆ ಆ ಕಡೆಯಿಂದ ಹೊಡೆದರೆ ಚಕ್ಕೆ ಹಾರುತ್ತದೆ. ಸಿಕ್ಕಿಕೊಂಡ ಅಲಗನ್ನು ಪಕ್ಕಕ್ಕೆ ತಿರುಚಬಾರದು, ಬಾಯಿ ಚೂರಾಗುವುದು ತಿರುಚಿದಾಗ. ಹಿಡಿಯನ್ನು ಮೇಲೆ ಕೆಳಗೆ ಆಡಿಸಿ ಬಿಡಿಸಿ. ಸೌದೆ ಸೀಳಲು ಬೆನ್ನಿಗೆ ಮರದ ಕೊಡತಿಯಿಂದ ಹೊಡೆಯಬಹುದು. ಕಲ್ಲು, ಸುತ್ತಿಗೆ ಕೂಡದು. ಗುರಿ ತಪ್ಪಿದರೆ ಅಲಗು ಎಲ್ಲಿಗೆ ಹೋಗುತ್ತದೆ ಎಂದು ನೋಡಿಕೊಂಡೇ ಕಾಲು ಇಡಿ. ಸಣ್ಣ ಕಟ್ಟಿಗೆಗೆ ಮಂಡಿಯೂರಿ ಕೂತರೆ ತಪ್ಪಿದ ಪೆಟ್ಟು ನೆಲಕ್ಕೆ ಬೀಳುತ್ತದೆ, ಮೊಣಕಾಲಿಗಲ್ಲ.

ಒರೆಯಿಂದ ತೆಗೆಯುವ ಕ್ರಮಕ್ಕೆ ನಾನು ಎಲ್ಲಕ್ಕಿಂತ ಹೆಚ್ಚು ಒತ್ತು ಕೊಡುತ್ತೇನೆ. ಒರೆ ಎಂದರೆ ಎರಡು ತೆಳು ಮರದ ಹೋಳು, ಮೇಲೆ ಚರ್ಮ. ಬಾಯಿಯ ಕಡೆಯ ಅಂಟು ಬಿಟ್ಟಿದ್ದರೆ ಅಲಗು ಒರೆಯನ್ನು ಸೀಳಿ ಹೊರಬರಬಲ್ಲದು. ಒರೆಯನ್ನು ಮುಷ್ಟಿಯಲ್ಲಿ ಸುತ್ತಿ ಹಿಡಿದವರ ಬೆರಳು ಆಗ ದಾರಿಯಲ್ಲೇ ಇರುತ್ತದೆ. ಬೆರಳುಗಳನ್ನು ಬೆನ್ನಿನ ಕಡೆ ಇಟ್ಟು ಬದಿಗಳಿಂದ ಹಿಡಿಯಿರಿ, ಅಲಗಿನ ಬೆನ್ನು ಒರೆಯ ಬೆನ್ನಿಗೆ ಒರಗಿ ಜಾರುವಂತೆ ನಿಧಾನವಾಗಿ ಎಳೆಯಿರಿ. ಖುಕುರಿ ಹೊರತೆಗೆದರೆ ರಕ್ತ ತೋರಿಸದೆ ಒಳಗಿಡಬಾರದು ಎಂಬ ಮಾತು ಬರೀ ಕಟ್ಟುಕತೆ. ನೇಪಾಳದ ಮನೆಗಳಲ್ಲಿ ದಿನವೂ ಸೌದೆ, ಮಾಂಸ, ಬಿದಿರು ಕಡಿಯುವುದು ಇದರಲ್ಲೇ.

ಹಿಡಿ ಅಲುಗಾಡತೊಡಗಿದರೆ ಅರಗು ಪುಡಿಯಾಗಿದೆ ಅಥವಾ ಬಿಸಿಲಿಗೆ ಕರಗಿದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟರೆ ಹೀಗಾಗುತ್ತದೆ. ಹಿಂಬದಿಯ ಬಡಿದ ಬಾಲವನ್ನು ಗುಂಡುಮೂತಿಯ ಸಣ್ಣ ಸುತ್ತಿಗೆಯಿಂದ ಹಗುರವಾಗಿ ತಟ್ಟಿ ಬಿಗಿ ಮಾಡಿ. ಆಮೇಲೆ ಅಲಗಿಗೆ ದಪ್ಪ ಬಟ್ಟೆ ಸುತ್ತಿ, ತುದಿ ಮೇಲೆ ಹಿಡಿ ಕೆಳಗೆ ಮಾಡಿ ನಿಲ್ಲಿಸಿ, ಹಿಡಿಯ ಮೂತಿಯ ಹಿತ್ತಾಳೆಯ ಸಂದಿಗೆ ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿ ತುಂಬಿ. ಹೇರ್ ಡ್ರೈಯರಿನ ಗಾಳಿ ತಾಗಿಸಿದರೆ ಅದು ತೆಳುವಾಗಿ ಒಳಗಿಳಿಯುತ್ತದೆ. ಒಂದು ದಿನ ಅಲುಗಾಡಿಸಬೇಡಿ. ಇದು ಬಳಸುವ ಖುಕುರಿಗೆ; ಹಳೆಯ ಸಂಗ್ರಹದ್ದಕ್ಕೆ ಎಪಾಕ್ಸಿ ಮುಟ್ಟಿಸಬಾರದು.

ಹಳೆಯದರ ಕೆಲಸವೇ ಬೇರೆ. 2003ರಲ್ಲಿ ಕಾಠ್ಮಂಡುವಿನ ಲಗನ್ ಸಿಲೇಖಾನಾ ಎಂಬ ಹಳೆಯ ಶಸ್ತ್ರಾಗಾರದ ದಾಸ್ತಾನನ್ನು ಅಮೆರಿಕದ ಎರಡು ಕಂಪನಿಗಳು ಕೊಂಡ ಮೇಲೆ ರಾಣಾ ಮನೆತನ ನೇಪಾಳ ಆಳುತ್ತಿದ್ದ ಕಾಲದ ಸೈನ್ಯದ ಖುಕುರಿಗಳು ಸಂಗ್ರಾಹಕರಿಗೆ ಸಿಗತೊಡಗಿದವು. ಅವುಗಳ ಮೇಲೆ ಒಣಗಿದ ಗ್ರೀಸ್ ಗಟ್ಟಿ ಕೂತಿರುತ್ತದೆ. ಸೀಮೆಎಣ್ಣೆಯಲ್ಲಿ ನೆನೆಸಿದ ಬಟ್ಟೆಯನ್ನು ಅಲಗಿಗೆ ಮಾತ್ರ ಸುತ್ತಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಬಿದಿರಿನ ಚಕ್ಕೆಯಿಂದ ಹೆರೆಯುತ್ತೇನೆ. ಉಳಿದ ಕೆಂಪು ತುಕ್ಕಿಗೆ ನಾಲ್ಕು ಸೊನ್ನೆಯ (0000, ಅತಿ ನುಣುಪಾದ) ಉಕ್ಕಿನ ಉಣ್ಣೆ ಮತ್ತು ಎಣ್ಣೆ. ಕಪ್ಪು ಕಂದು ಬಣ್ಣಕ್ಕೆ ಬಂದ ಕೂಡಲೇ ನಿಲ್ಲಿಸಬೇಕು. ಆ ಕಪ್ಪೇ ಕಬ್ಬಿಣವನ್ನು ಕಾಯುತ್ತದೆ, ಅದನ್ನು ಉಜ್ಜಿ ಬೆಳ್ಳಗೆ ಮಾಡಿದರೆ ಬೆಲೆಯೂ ಇತಿಹಾಸವೂ ಒಟ್ಟಿಗೆ ಹೋಗುತ್ತದೆ. ಬೆನ್ನಿನ ಮೇಲೆ ದೇವನಾಗರಿ ಅಕ್ಷರ, ಅಂಕಿಗಳು ಕೊರೆದಿರಬಹುದು. ಅಲ್ಲಿ ಹಲ್ಲುಜ್ಜುವ ಮೆತ್ತನೆಯ ಬ್ರಶ್ ಬಿಟ್ಟು ಬೇರೇನೂ ಬೇಡ. ಇಸವಿ ಇದ್ದರೆ ಅದು ವಿಕ್ರಮ ಸಂವತ್. 57 ಕಳೆದರೆ ಹೆಚ್ಚುಕಡಿಮೆ ಕ್ರಿಸ್ತಶಕ ಸಿಗುತ್ತದೆ.

ನೂರು ವರ್ಷ ದಾಟಿದ್ದನ್ನು ನೇಪಾಳದಿಂದ ಹೊರತರಲು ಅಲ್ಲಿನ ಪುರಾತತ್ವ ಇಲಾಖೆಯ ತಡೆಯಿದೆ. ಹಳೆಯದಂತೆ ಕಾಣುವ ಹೊಸದಕ್ಕೂ ಇಲಾಖೆಯ ಚೀಟಿ ಮಾಡಿಸಿಕೊಳ್ಳುವುದು ಕ್ಷೇಮ. ವಿಮಾನದಲ್ಲಿ ಚೆಕ್-ಇನ್ ಲಗೇಜಿನಲ್ಲಿ ಮಾತ್ರ. ಭಾರತದ ಆಯುಧ ನಿಯಮಗಳ ಪಟ್ಟಿಯಲ್ಲಿ ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲವಿರುವ ಚೂಪು ಆಯುಧಗಳ ಸಾಲಿನಲ್ಲಿ ಖುಕುರಿಯ ಹೆಸರೇ ಇದೆ. ಮನೆ ಮತ್ತು ಕೃಷಿ ಬಳಕೆಗೆಂದೇ ಮಾಡಿದ ಉಪಕರಣಗಳಿಗೆ ವಿನಾಯಿತಿ. ತೋಟದ ಕೆಲಸಕ್ಕೆ ಬೇರೆ ಮಾತು, ಚಾರಣಕ್ಕೆ ಸೊಂಟಕ್ಕೆ ಕಟ್ಟಿಕೊಂಡು ಹೊರಡುವ ಮುನ್ನ ನಿಮ್ಮ ಠಾಣೆಯಲ್ಲಿ ಕೇಳಿಕೊಳ್ಳಿ.

ಮಳೆಗಾಲದಲ್ಲಿ ಖುಕುರಿಯನ್ನು ಒರೆಯೊಳಗಿಟ್ಟು ಮರೆಯಬಾರದು. ಚರ್ಮ ತೇವ ಹೀರುತ್ತದೆ, ಚರ್ಮ ಹದ ಮಾಡುವಾಗ ಬಳಸಿದ ಉಪ್ಪು ಒಗರುಗಳೂ ಅದರಲ್ಲಿರುತ್ತವೆ, ಬಾಯಿಯ ಉದ್ದಕ್ಕೂ ಗುಳಿ ಬೀಳುತ್ತದೆ. ಅಲಗನ್ನು ಒರೆಸಿ, ಹೊಲಿಗೆ ಮೆಷಿನ್ನಿನ ಎಣ್ಣೆ ಸವರಿ, ಎಣ್ಣೆ ಕಾಗದದಲ್ಲಿ ಸುತ್ತಿ ಬೇರೆ ಇಡುತ್ತೇನೆ, ಒರೆ ಪಕ್ಕದಲ್ಲಿ. ಅಡುಗೆ ಎಣ್ಣೆ ದಿನ ಕಳೆದಂತೆ ಅಂಟಾಗಿ ದೂಳು ಹಿಡಿಯುತ್ತದೆ. ಮರದ ಹಿಡಿಗೆ ವರ್ಷಕ್ಕೊಮ್ಮೆ ಅಗಸೆ ಎಣ್ಣೆ. ಕೊಂಬಿನ ಹಿಡಿಯನ್ನು ತಿನ್ನುವ ಹುಳುವಿದೆ, ಸಣ್ಣ ತೂತು ಮತ್ತು ಪುಡಿ ಕಂಡರೆ ಅದೇ. ಪಾಲಿಥಿನ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಒಂದು ವಾರ ಫ್ರೀಜರಿನಲ್ಲಿಟ್ಟು, ತೆಗೆದ ಮೇಲೆ ಚೀಲ ಬಿಚ್ಚದೆ ಕೋಣೆಯ ಬಿಸಿಗೆ ಬರಲು ಬಿಡಿ. ಬಿಚ್ಚಿದರೆ ತಣ್ಣನೆಯ ಅಲಗಿನ ಮೇಲೆ ನೀರು ಕೂರುತ್ತದೆ. ಆಮೇಲೆ ಪೆಟ್ಟಿಗೆಯಲ್ಲಿ ಎರಡು ನುಸಿಗುಳಿಗೆ ಹಾಕಿಡಿ.