ಬಿಸಿ ಎಂಜಿನ್ ಮತ್ತೆ ಸ್ಟಾರ್ಟ್ ಮಾಡಿದಾಗ ಆಫ್ ಆಗುತ್ತಿದೆಯೇ? ಹಳೆಯ ಎಂಪಿಎಫ್‌ಐ (ಪ್ರತಿ ಸಿಲಿಂಡರಿಗೂ ಪ್ರತ್ಯೇಕ ಇಂಜೆಕ್ಟರ್ ಪೆಟ್ರೋಲ್ ಸಿಂಪಡಿಸುವ) ಕಾರಿನಲ್ಲಿ ದೋಷ ಹುಡುಕುವ ಕ್ರಮ

ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗಿ ದಾರಿಯುದ್ದಕ್ಕೂ ಸರಾಗವಾಗಿ ಓಡಿದ ಕಾರು, ಊಟಕ್ಕೆಂದು ಅರ್ಧ ಗಂಟೆ ನಿಲ್ಲಿಸಿ ಹೊರಟಾಗ ಮಾತ್ರ ಸ್ಟಾರ್ಟ್ ಆಗಿ ಎರಡೇ ಸೆಕೆಂಡಿಗೆ ನಿಂತುಹೋಗುತ್ತದೆ. ಗ್ಯಾರೇಜಿಗೆ ಬಿಟ್ಟು ಬಂದರೆ ಅಲ್ಲಿ ತಣ್ಣಗಾದ ಮೇಲೆ ಯಾವ ತೊಂದರೆಯೂ ಕಾಣಿಸುವುದಿಲ್ಲ. ಎಂಜಿನ್ ನಿಲ್ಲಿಸಿದೊಡನೆ ನೀರಿನ ಚಲನೆಯೂ ಎದುರುಗಾಳಿಯೂ ನಿಲ್ಲುವುದರಿಂದ, ಬಾನೆಟ್ಟಿನ ಒಳಗಿನ ಶಾಖ ಮುಂದಿನ 15ರಿಂದ 30 ನಿಮಿಷ ಏರುತ್ತಲೇ ಇರುತ್ತದೆ. ಪರೀಕ್ಷೆಗೆ ತಕ್ಕ ಸಮಯ ಅದೇ.

ಬಿಡಿಭಾಗ ಬದಲಿಸುವ ಮೊದಲು, ಎಂಜಿನ್‌ಗೆ ಪೆಟ್ರೋಲ್ ಸಾಲುತ್ತಿಲ್ಲವೋ ಅಥವಾ ಅತಿಯಾಗುತ್ತಿದೆಯೋ ಎಂಬುದನ್ನು ತೀರ್ಮಾನಿಸಿಕೊಳ್ಳಬೇಕು. ಕೀಲಿಯನ್ನು ಇಗ್ನಿಷನ್ ಸ್ಥಾನಕ್ಕೆ ತಿರುಗಿಸಿ, ಟ್ಯಾಂಕಿನ ಕಡೆಯಿಂದ ಪಂಪ್ ಎರಡು ಮೂರು ಸೆಕೆಂಡು ಗುಂಯ್‌ಗುಟ್ಟಿ ನಿಂತ ಮೇಲೆ ಆಫ್ ಮಾಡಿ. ಹೀಗೆ ಮೂರು ಸಲ ಮಾಡಿ ಸ್ಟಾರ್ಟ್ ಕೊಟ್ಟಾಗ ಎಂಜಿನ್ ಸರಿಯಾಗಿ ಓಡಿದರೆ, ಇಂಧನ ರೈಲಿನ (ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಕೊಳವೆ) ಒತ್ತಡ ಇಳಿದು ಪೆಟ್ರೋಲ್ ಆವಿಯಾಗುತ್ತಿದೆ ಎಂದೇ ಹೆಚ್ಚಿನ ಸಂಶಯ. ಖಚಿತಪಡಿಸಿಕೊಳ್ಳಲು ಪ್ರೆಶರ್ ಗೇಜ್ ಬೇಕು. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಚಿಮ್ಮಿದರೆ ಬೆಂಕಿ ಹತ್ತಬಹುದಾದ್ದರಿಂದ, ಎಂಜಿನ್ ತಣ್ಣಗಿದ್ದಾಗ ಒತ್ತಡ ತೆಗೆದು ಗೇಜ್ ಜೋಡಿಸಿ, ನಂತರ ಓಡಿಸಿ ಬಿಸಿ ಮಾಡಿ. ಸಾಮಾನ್ಯವಾಗಿ 2.5ರಿಂದ 3 ಬಾರ್ ಇರುವ ಒತ್ತಡ, ಆಫ್ ಮಾಡಿದ ಕೆಲವೇ ನಿಮಿಷಗಳಲ್ಲಿ ಸೊನ್ನೆಗೆ ಬಂದರೆ ಸೋರಿಕೆ ಇದೆ. ಪಂಪ್ ಒತ್ತಡ ತುಂಬಿದೊಡನೆ ಟ್ಯಾಂಕಿಗೆ ಮರಳುವ ರಿಟರ್ನ್ ರಬ್ಬರ್ ಪೈಪನ್ನು ಕ್ಲ್ಯಾಂಪಿನಿಂದ ಬಿಗಿದಾಗ ಒತ್ತಡ ಇಳಿಯದೆ ನಿಂತರೆ ರೆಗ್ಯುಲೇಟರ್ (ಒತ್ತಡ ನಿಯಂತ್ರಿಸುವ ಭಾಗ), ಪಂಪಿನ ಕಡೆಯ ಪೈಪ್ ಬಿಗಿದಾಗ ನಿಂತರೆ ಪಂಪಿನ ಚೆಕ್ ವಾಲ್ವ್ (ಪೆಟ್ರೋಲ್ ಹಿಂದಕ್ಕೆ ಹರಿಯದಂತೆ ತಡೆಯುವ ಕವಾಟ), ಎರಡರಲ್ಲೂ ಒತ್ತಡ ಇಳಿಯುತ್ತಲೇ ಇದ್ದರೆ ತೊಟ್ಟಿಕ್ಕುವ ಇಂಜೆಕ್ಟರ್ ಕಾರಣವೆಂದು ತಿಳಿಯಬಹುದು. ಗಟ್ಟಿ ನೈಲಾನ್ ಪೈಪನ್ನು ಮಾತ್ರ ಬಿಗಿಯಬಾರದು, ಅದು ಸೀಳುತ್ತದೆ.

ಇದಕ್ಕೆ ವಿರುದ್ಧವಾಗಿ, ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದರಷ್ಟೇ ಸ್ಟಾರ್ಟ್ ಆಗಿ, ಕಪ್ಪು ಹೊಗೆಯೊಂದಿಗೆ ಹಸಿ ಪೆಟ್ರೋಲ್ ವಾಸನೆ ಬಂದರೆ ಇಂಧನ ಅತಿಯಾಗಿದೆ. ರೆಗ್ಯುಲೇಟರಿನ ಸಣ್ಣ ವ್ಯಾಕ್ಯೂಮ್ ಪೈಪನ್ನು ಕಿತ್ತು ನೋಡಿ. ಒಳಗೆ ಪೆಟ್ರೋಲಿನ ಹಸಿ ಇದ್ದರೆ ರೆಗ್ಯುಲೇಟರಿನ ಒಳಗಿನ ಡಯಾಫ್ರಂ (ತೆಳು ಪೊರೆ) ಹರಿದಿದೆ. ಅದು ಒಣಗಿದ್ದರೆ ಕೂಲಂಟ್ ತಾಪದ ಸೆನ್ಸರಿನ ರೋಧವನ್ನು ಮಲ್ಟಿಮೀಟರಿನಲ್ಲಿ ಅಳೆಯಿರಿ. ಬಹುತೇಕ ಕಾರುಗಳಲ್ಲಿ ಅದು 20 ಡಿಗ್ರಿಯಲ್ಲಿ ಎರಡು ಮೂರು ಕಿಲೋ ಓಮ್, 80 ಡಿಗ್ರಿಯಲ್ಲಿ ಸುಮಾರು 300 ಓಮ್ ಇರುತ್ತದೆ. ಬಿಸಿಯಲ್ಲೂ ರೋಧ ಇಳಿಯದಿದ್ದರೆ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಎಂಜಿನ್ ತಣ್ಣಗಿದೆಯೆಂದು ಭಾವಿಸಿ ಪೆಟ್ರೋಲ್ ಸುರಿಯುತ್ತದೆ. ಡ್ಯಾಶ್‌ಬೋರ್ಡಿನ ಮುಳ್ಳು ಸರಿಯಾಗಿ ತೋರಿಸುತ್ತಿದೆ ಎಂದು ಈ ಹಂತ ಬಿಡಬೇಡಿ. ಅನೇಕ ಹಳೆಯ ಕಾರುಗಳಲ್ಲಿ ಆ ಮುಳ್ಳಿಗೆ ಬೇರೆಯೇ ಸೆನ್ಸರ್ ಇರುತ್ತದೆ. ಕ್ಯಾನಿಸ್ಟರ್ ಪರ್ಜ್ ವಾಲ್ವ್ (ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಎಂಜಿನ್ನಿಗೆ ಬಿಡುವ ಕವಾಟ) ತೆರೆದೇ ಉಳಿದಿದ್ದರೂ ಇದೇ ಲಕ್ಷಣ ಕಾಣುತ್ತದೆ. ಅದರ ಪೈಪನ್ನು ಬೆರಳಿನಿಂದ ಒತ್ತಿ ಹಿಡಿದಾಗ ಎಂಜಿನ್ ಸುಧಾರಿಸಿದರೆ ಗೊತ್ತಾಗುತ್ತದೆ.

ಆಕ್ಸಿಲರೇಟರಿಗೆ ತುಸುವೇ ಕಾಲಿಟ್ಟರೂ ಎಂಜಿನ್ ನಿಲ್ಲದೆ ಓಡುವುದಾದರೆ ಥ್ರಾಟಲ್ ಬಾಡಿಯನ್ನೂ (ಎಂಜಿನ್ನಿಗೆ ಹೋಗುವ ಗಾಳಿಯನ್ನು ನಿಯಂತ್ರಿಸುವ ಭಾಗ) ಐಡಲ್ ವಾಲ್ವನ್ನೂ (ಆಕ್ಸಿಲರೇಟರ್ ಒತ್ತದಿದ್ದಾಗ ಗಾಳಿ ಬಿಡುವ ಕವಾಟ) ಸ್ವಚ್ಛಗೊಳಿಸಿದರೆ ಸಾಕಾಗಬಹುದು. ಸ್ಟಾರ್ಟರ್ ತಿರುಗುವಾಗ ಆರ್‌ಪಿಎಂ ಮುಳ್ಳು ಅಲುಗಾಡದೆ, ಪ್ಲಗ್ಗಿನಲ್ಲಿ ಕಿಡಿಯೂ ಇಲ್ಲದಿದ್ದರೆ ಕ್ರ್ಯಾಂಕ್ ಸೆನ್ಸರಿನ (ಎಂಜಿನ್ ತಿರುಗುವುದನ್ನು ಇಸಿಯುಗೆ ತಿಳಿಸುವ ಸೆನ್ಸರ್) ಮೇಲೆ ಒದ್ದೆ ಬಟ್ಟೆ ಇಟ್ಟು ತಣಿಸಿ. ಕೂಡಲೇ ಸ್ಟಾರ್ಟ್ ಆದರೆ ಅದನ್ನು ಬದಲಿಸಿ.